ಕಂಡಕ್ಟರಜ್ಜನ ನಾಲ್ಕು ಲೋಟ ನೀರು

ಆ ಆರೈಕೆ ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಟಿಕ್ಕಕ್ಕ ಎಂದು. ಹನ್ನೊಂದು ಜನ ಮುದುಕ ಮುದುಕಿಯರನ್ನು ಎಬ್ಬಿಸಿ, ಮೈ ಒರೆಸಿ, ಉಣ್ಣಿಸುವುದು ಅವಳ ಕೆಲಸ. ಯಾರು ಎಷ್ಟು ತಿಂದರು, ಎಷ್ಟು ನೀರು ಕುಡಿದರು ಎಂಬುದನ್ನೆಲ್ಲ ಟ್ಯಾಬಿನಲ್ಲಿ ಗುರುತು ಮಾಡಬೇಕು. ಒದ್ದೆ ಕೈಗೆ ಆ ಹಾಳು ಟ್ಯಾಬು ಜಪ್ಪಯ್ಯ ಅಂದರೂ ಓಗೊಡುತ್ತಿರಲಿಲ್ಲ. ಅದಕ್ಕೇ ಬೆಳಿಗ್ಗೆ ಡ್ಯೂಟಿಗೆ ಬಂದವಳೇ, ಕೈ ಒಣಗಿರುವಾಗಲೇ, ಎಲ್ಲರ ಹೆಸರಿಗೂ 'ನೀರು ನಾಲ್ಕು ಲೋಟ' ಎಂದು ಟಿಕ್ ಹಾಕಿಬಿಡುತ್ತಿದ್ದಳು. ಆಮೇಲೆ ಕೊಡುವುದಂತೂ ಇದ್ದೇ ಇದೆಯಲ್ಲ! ಕೊಡುತ್ತಲೂ ಇದ್ದಳು. ಕುಡಿದರೋ ಇಲ್ಲವೋ ಎಂದು ತಿರುಗಿ ನೋಡಲು ಪುರುಸೊತ್ತು ಯಾರಿಗಿತ್ತು? ಲೋಟಗಳನ್ನು ಅಡುಗೆಮನೆಯವರು ಎತ್ತಿಕೊಂಡು ಹೋಗುತ್ತಿದ್ದರು.

ಕಿಟಕಿ ಪಕ್ಕದ ಮಂಚ ಕಂಡಕ್ಟರಜ್ಜನದು. ಬೆಣ್ಣೆಯಂಥ ಮನುಷ್ಯ. ಆದರೆ ಕೆಲವು ಸಂಜೆ ಮೈಮೇಲೆ ಎಚ್ಚರವಿಲ್ಲದೆ ಎದ್ದು, "ಒಳಗೆ ಹೋಗ್ರೀ, ಬಾಗ್ಲಲ್ಲಿ ನಿಲ್ಬೇಡಿ!" ಎಂದು ಸಿಕ್ಕವರನ್ನು ತಳ್ಳುತ್ತಿದ್ದರು. ಒಮ್ಮೆ ಪಕ್ಕದ ಮಂಚದ ಅಜ್ಜಿ ಬಿದ್ದೇಬಿಟ್ಟರು. ಇವರನ್ನು ಮೇಲಿನ ಮಹಡಿಗೇ ಕಳಿಸೋಣ ಎಂದರು ಡಾಕ್ಟರು. ಅಲ್ಲಿ ಬಾಗಿಲಿಗೆ ಹೊರಗಿನಿಂದ ಬೀಗ. ಹತ್ತಿ ಹೋದವರು ಇಳಿದು ಬಂದದ್ದನ್ನು ಟಿಕ್ಕಕ್ಕ ಕಂಡಿರಲಿಲ್ಲ.

ಡಾಕ್ಟರು ಟ್ಯಾಬು ನೋಡುತ್ತ ಹೇಳಿದರು: "ಮೈಯಲ್ಲಿ ನೀರು ಕಮ್ಮಿ ಆದ್ರೂ ವಯಸ್ಸಾದೋರು ಹೀಗೆ ಆಡ್ತಾರೆ. ಆದ್ರೆ ಇವ್ರು ದಿನಾ ನಾಲ್ಕು ಲೋಟ ಕುಡಿದಿದಾರೆ. ಹಾಗಾದ್ರೆ ಇದು ತಲೆದೇ ತೊಂದ್ರೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಟಿಕ್ಕಕ್ಕನ ಕಣ್ಣು ಹಾಗೇ ಟ್ಯಾಬಿನ ಮೇಲೆ ಹೋಯಿತು. ಬಾಯಿ ಬಿಟ್ಟರೆ ಕೆಲಸ ಹೋಗಬಹುದು. ಮುಚ್ಚಿಕೊಂಡಿದ್ದರೆ ಅಜ್ಜ ಬೀಗದೊಳಗೆ.

"ಡಾಕ್ಟ್ರೇ, ಅದು ಅವ್ರು ಕುಡಿದಿದ್ದಲ್ಲ. ನಾನು ಬೆಳಿಗ್ಗೆನೇ ಒತ್ತಿಟ್ಟಿದ್ದು."

"ಅಯ್ಯೋ, ನಿನ್ನ ಟಿಕ್ಕಿಗಿಷ್ಟು ಬೆಂಕಿ ಹಾಕ!" ಎಂದರು ಹಿರಿಯ ನರ್ಸಮ್ಮ. ಎಚ್ಚರಿಕೆಯ ಪತ್ರ ಕೈಗೆ ಬಂತು. ಅಜ್ಜನಿಗೆ ಎರಡು ವಾರದ ಗಡುವು ಸಿಕ್ಕಿತು. "ಕಣ್ಣಾರೆ ಕಂಡಿದ್ದನ್ನ ಮಾತ್ರ ಹಾಕು" ಎಂದರು ನರ್ಸಮ್ಮ.

ಅಂದಿನಿಂದ ಟಿಕ್ಕಕ್ಕ ಪ್ರತಿ ಲೋಟಕ್ಕೂ ಸೆರಗಿಗೆ ಕೈ ಒರೆಸಿಕೊಂಡಳು, ಕಂಡಷ್ಟನ್ನೇ ಒತ್ತಿದಳು. ಎರಡು ವಾರ ಕಳೆದ ಮೇಲೆ ನರ್ಸಮ್ಮ, ಅವಳು ಇಬ್ಬರೂ ಕೂತು ನೋಡಿದರು. ಉಳಿದ ದಿನ ಅಜ್ಜನದು ನಾಲ್ಕು ಲೋಟ. ಮಂಗಳವಾರ, ಶುಕ್ರವಾರ ಮಾತ್ರ ಒಂದೇ ಒಂದು. ಗಲಾಟೆಯೂ ಆ ಸಂಜೆಗಳಲ್ಲೇ. ಆ ಎರಡು ದಿನ ಅಲ್ಲಿದ್ದ ಒಬ್ಬನೇ ಗಂಡಸು ಅಟೆಂಡರಿಗೆ ರಜೆ.

ಅವಳು ಹೋಗಿ ಮಂಚದ ತುದಿಯಲ್ಲಿ ಕೂತಳು. "ಅಜ್ಜಾ, ಮಂಗಳವಾರ, ಶುಕ್ರವಾರ ಯಾಕೆ ಸರಿಯಾಗಿ ನೀರು ಕುಡಿಯಲ್ಲ?"

ಅಜ್ಜ ಕಿಟಕಿಯ ಕಡೆ ಮುಖ ತಿರುಗಿಸಿದರು. "ಹೆಣ್ಮಕ್ಳಿಗೆ ಬಚ್ಚಲಿಗೆ ಕರ್ಕೊಂಡು ಹೋಗಿ ಅಂತ ಹೆಂಗಮ್ಮ ಹೇಳ್ಲಿ? ಮೂವತ್ತು ವರ್ಷ ಬಸ್ಸಲ್ಲೂ ಹಿಂಗೇ. ನೀರು ಕುಡೀದಿದ್ರೆ ಎಲ್ಲೂ ಇಳಿಯೋದೇ ಬೇಡ."

ಎಷ್ಟು ತಿಂಗಳು ಈ ಮನುಷ್ಯ ಮಾನಕ್ಕಾಗಿ ಬಾಯಾರಿಕೊಂಡು ಕೂತಿದ್ದರು! ಅದನ್ನು ನೋಡದೆ ತಾನು ಟಿಕ್ ಹಾಕುತ್ತಿದ್ದೆನಲ್ಲ ಎಂದು ಟಿಕ್ಕಕ್ಕನಿಗೆ ನಾಚಿಕೆಯಾಯಿತು.

ಮುಂದಿನ ಮಂಗಳವಾರಕ್ಕೆ ಕೆಳಮಹಡಿಯಿಂದ ಇನ್ನೊಬ್ಬ ಗಂಡಸು ಅಟೆಂಡರು ಬಂದ. ಸಂಜೆ ಡಾಕ್ಟರು ಬಂದಾಗ ಅಜ್ಜ ಕಿಟಕಿಯಾಚೆ ಬಸ್ಸು ನೋಡುತ್ತ ತಣ್ಣಗೆ ಕೂತಿದ್ದರು. ಡಾಕ್ಟರು ಟ್ಯಾಬು ಎತ್ತಿ ಹುಬ್ಬೇರಿಸಿದರು.

"ಇನ್ನೂ ನಾಲ್ಕು ಲೋಟ ಆಗಿಲ್ವಲ್ಲಮ್ಮ?"

"ಇಲ್ಲ ಡಾಕ್ಟ್ರೇ, ಎರಡೂವರೆ. ಆದ್ರೆ ಕುಡಿದಿದ್ದು."

ಅಜ್ಜನನ್ನು ಮೇಲಿನ ಮಹಡಿಗೆ ಕಳಿಸಲು ತಂದಿದ್ದ ಕಾಗದವನ್ನು ಡಾಕ್ಟರು ಮಡಿಸಿ ಜೇಬಿಗಿಟ್ಟುಕೊಂಡರು.