ಬಟ್ಲರ್ ವೇಷ ಹಾಕಿ ನಿಂತಿದ್ದು

ನನ್ನ ಹೆಂಡತಿ ಆರ್.ಟಿ. ನಗರದಲ್ಲಿ ಜಲವರ್ಣದ ಕ್ಲಾಸಿಗೆ ಸೇರಿದ ಮೇಲೆ ಬ್ರಿಟಿಷರ ಕಾಲದ ಆಳುಕಾಳುಗಳೆಲ್ಲ ನಮ್ಮ ಮನೆಗೆ ಬಂದುಬಿಟ್ಟರು. ಆಗಿನ ದೊರೆಗಳು ತಮ್ಮ ಮನೆಗೆಲಸದವರ ಚಿತ್ರಗಳನ್ನು ಇಲ್ಲಿನ ಕಲಾವಿದರಿಂದ ಬರೆಸಿ ಊರಿಗೆ ಒಯ್ಯುತ್ತಿದ್ದರಂತೆ. ಅವುಗಳ ಪ್ರತಿಗಳನ್ನು ಮೇಷ್ಟ್ರು ಕೊಟ್ಟಿದ್ದರು. ಬಿಳಿ ನಿಲುವಂಗಿಯ ಮೇಲೆ ಕೆಂಪು ನಡುಪಟ್ಟಿ ಕಟ್ಟಿ, ಅಗಲವಾದ ಪೇಟ ಇಟ್ಟ ಬಟ್ಲರ್, ತಲೆ ಮೇಲೆ ಸೆರಗು ಹೊದ್ದ ಆಯಾ, ಬರಿಮೈಯಲ್ಲಿ ನೀರು ಹೊರುವವನು.

ಅದೇ ಶೈಲಿಯಲ್ಲಿ ಈ ಕಾಲದ ಮನೆಗೆಲಸದವರೊಬ್ಬರನ್ನು ಬರೆಯಬೇಕಿತ್ತು, ಕ್ಲಾಸಿನ ಪ್ರದರ್ಶನಕ್ಕೆ. ಯಾರೂ ಕೇಳದಿದ್ದರೂ ನಾನೇ ಮಾಡೆಲ್ ಎಂದು ತೀರ್ಮಾನಿಸಿದೆ. ಕೆಂಪಾಪುರದ ನಮ್ಮ ವಾಕಿಂಗ್ ಗುಂಪಿನಲ್ಲಿ ಡಂಗುರವನ್ನೂ ಹೊಡೆದಾಯಿತು. ಬಿಳಿ ಜುಬ್ಬ ತೊಟ್ಟು, ಅವಳ ಕೆಂಪು ದುಪಟ್ಟಾ ಸೊಂಟಕ್ಕೆ ಬಿಗಿದು, ನಿವೃತ್ತಿಯ ದಿನ ಆಫೀಸಿನವರು ತೊಡಿಸಿದ್ದ ಮೈಸೂರು ಪೇಟ ಇಟ್ಟುಕೊಂಡೆ. ಹೊಟ್ಟೆ ಒಳಗೆಳೆದುಕೊಂಡಾಗ ಕನ್ನಡಿಯಲ್ಲಿ ಬಟ್ಲರ್ ಅಲ್ಲ, ಸಾಕ್ಷಾತ್ ದಿವಾನರೇ ಕಂಡರು.

ಹಾಲ್‌ನಲ್ಲಿ ಅವಳೆದುರು ಬಂದು ನಿಂತೆ. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಕೈಲೇನ್ ಹಿಡ್ಕೋತೀರಾ? ನೋಡಿ, ಅವರೆಲ್ಲ ತಮ್ಮ ಕೆಲಸದ ಸಾಮಾನು ಹಿಡ್ಕೊಂಡಿದಾರೆ."

ಅಡುಗೆಮನೆಗೆ ಓಡಿ ಸೌಟು ತಂದೆ.

"ಅದು ಬಜ್ಜಿ ಎತ್ತೋ ಜಾಲರಿ ಕಣ್ರೀ."

ಪೊರಕೆ ತಂದೆ. ಅದನ್ನು ಬಾವುಟದ ಹಾಗೆ ಹಿಡಿದಿದ್ದೆನಂತೆ. ಸರಿ, ತಟ್ಟೆಯಲ್ಲಿ ಕಾಫಿ ಹಿಡಿದು ನಿಲ್ಲೋಣವೆಂದರೆ ಪುಡಿಯ ಡಬ್ಬಿ ಸಿಗಲಿಲ್ಲ. "ಎಲ್ಲಿಟ್ಟಿದೀಯೇ?" ಎಂದು ಕೂಗಿದೆ. ಅವಳೇ ಬಂದು ಕಾಫಿ ಬೆರೆಸಿ ಕೈಗೆ ಕೊಟ್ಟಳು. ನಾನು ಪೇಟದ ಸಮೇತ ಕುರ್ಚಿಯಲ್ಲಿ ಕೂತು, ಅಭ್ಯಾಸಬಲದಿಂದ, ಅದನ್ನು ಕುಡಿದುಬಿಟ್ಟೆ.

"ನೀವಲ್ಲೇ ಕೂತಿರಿ. ಈ ಪಾತ್ರ ನಿಮಗೆ ಬರಲ್ಲ," ಎಂದು ಕನ್ನಡಿಯನ್ನು ಎದುರಿಗಿಟ್ಟುಕೊಂಡು ತನ್ನನ್ನೇ ಬರೆಯತೊಡಗಿದಳು. ನೈಟಿ, ಹೆಗಲ ಮೇಲೆ ಕೈ ಒರೆಸುವ ಟವೆಲ್, ಕೈಯಲ್ಲಿ ನಾನು ಕುಡಿದಿಟ್ಟ ಲೋಟ. ವಾಕಿಂಗ್ ಗುಂಪಿಗೆ ಏನು ಹೇಳಲಿ ಎಂಬ ಚಿಂತೆಯಲ್ಲಿ ನಾನಿದ್ದೆ. ಚಿತ್ರ ಮುಗಿಯುತ್ತ ಬಂದ ಹಾಗೆ ಅದೂ ಮರೆತುಹೋಯಿತು. ಹೂಬೇಹೂಬ್ ಅವಳೇ, ಆದರೆ ಇಷ್ಟು ದಣಿದ ಮುಖವನ್ನು ನಾನು ನೋಡಿಯೇ ಇರಲಿಲ್ಲ. ನಾಚಿಕೆಯಾಯಿತು. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

ಆ ಹಳೆಯ ಚಿತ್ರಗಳ ಕೆಳಗೆ ಆಳಿನ ಹೆಸರಿರುವುದಿಲ್ಲ, ಕೆಲಸದ ಹೆಸರಷ್ಟೇ. ಬಟ್ಲರ್, ಆಯಾ, ದೋಬಿ, ಹೀಗೆ ಒಬ್ಬರಿಗೆ ಒಂದು. ಅವಳೂ ಕುಂಚ ಅದ್ದಿಕೊಂಡು ಕೇಳಿದಳು:

"ನನ್ ಕೆಲಸ ಏನಂತ ಬರೀಲಿ?"

"ಎಲ್ಲಾನೂ ಬರಿ," ಎಂದೆ, ಭಾರಿ ಉದಾರಿಯ ಹಾಗೆ.

ಅವಳು ಹಾಳೆಯ ಕೆಳಗಿನ ಅಂಚನ್ನು ಒಮ್ಮೆ ನೋಡಿದಳು.

"ಜಾಗ ಸಾಲಲ್ಲ ಕಣ್ರೀ."