ಕೇಳುವ ಕೆಲಸ

ಶರಣಪ್ಪ ಕಾಕಾ ಯಾವ ವಸ್ತುವನ್ನೂ ಬೆರಳಿನ ಗೆಣ್ಣಿನಿಂದ ಒಮ್ಮೆ ಕುಟ್ಟಿ ನೋಡದೆ ಬಳಸುತ್ತಿರಲಿಲ್ಲ. ನಮ್ಮ ಮನೆಗೆ ಚಹಾಕ್ಕೆ ಬಂದರೆ ಮೊದಲು ಕಪ್ಪಿನ ಅಂಚಿಗೆ ಒಂದು ಪೆಟ್ಟು. ಕಿವಿ ಓರೆ ಮಾಡಿ ಕೇಳಿ, "ವೈನೀ, ಈ ಕಪ್ಪು ಒಳಗ ಸೀಳೇತ್ರಿ. ಇನ್ನೊಂದೆರಡು ಸಲ ಕುದಿಯೂ ಚಾ ಹಾಕಿದ್ರ ಹಿಡಿ ಅಷ್ಟ ಕೈಯಾಗ ಉಳೀತೈತಿ" ಎನ್ನುತ್ತಿದ್ದರು. ಅಮ್ಮ ನಗುತ್ತಿದ್ದಳು. ಹಿಡಿ ಕೈಯಲ್ಲಿ ಉಳಿದ ದಿನ ನಗಲಿಲ್ಲ. ಬಾಗಿಲು, ಕೊಡ, ಕಲ್ಲಂಗಡಿ, ಹೊಸದಾಗಿ ಹಾಸಿದ ಶಹಾಬಾದ ಕಲ್ಲು, ಏನನ್ನೂ ಬಿಟ್ಟವರಲ್ಲ. ಅಪ್ಪ ಸ್ಕೂಟರು ಕೊಂಡಾಗ ಹೆಲ್ಮೆಟ್ಟನ್ನೂ ಕುಟ್ಟಿ ನೋಡಿದರು, ಅದು ಅಪ್ಪನ ತಲೆಯ ಮೇಲಿರುವಾಗಲೇ. "ಹೆಲ್ಮೆಟ್ಟು ಚಲೋ ಐತ್ರಿ. ಒಳಗಿಂದು ಖಾಲಿ ಐತಿ, ನೋಡಿಸ್ಕೋರಿ."

ಅವರು ಹೈದರಾಬಾದಿನ ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದಲ್ಲಿದ್ದರು. ಅಪ್ಪನೂ ಅಲ್ಲೇ ಕೆಲಸಕ್ಕಿದ್ದ. ಮುಂದೆ ನಾನೂ ಅಲ್ಲಿಯ ಆಫೀಸಿಗೆ ಸ್ಟೆನೊ ಆಗಿ ಸೇರಿದೆ. ಎರಕದ ಮನೆಯಿಂದ ಬಂದ ಕಬ್ಬಿಣದ ಭಾಗಗಳನ್ನು ಸಣ್ಣ ಸುತ್ತಿಗೆಯಿಂದ ಬಡಿದು, ಸದ್ದು ಕೇಳಿ, ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು ಕಾಕಾರ ಕೆಲಸ. ಅವರ ಅನ್ನವೂ ಮರ್ಯಾದೆಯೂ ಆ ಕಿವಿಯಲ್ಲಿದ್ದವು. ಅವೆರಡನ್ನೂ ಅವರು ಒಂದು ಕೋಣೆಯಲ್ಲಿ, ಜನರೆದುರು, ಬಿಟ್ಟುಕೊಟ್ಟದ್ದನ್ನು ನಾನು ಕಂಡಿದ್ದೇನೆ.

ಆಗ ಹೈದರಾಬಾದು ಇಡೀ ಆಂಧ್ರಪ್ರದೇಶದ ರಾಜಧಾನಿ. ನಮ್ಮ ಕ್ವಾರ್ಟರ್ಸಿನಲ್ಲಿ ರಾಯಚೂರು, ಧಾರವಾಡ, ಬೀದರ ಕಡೆಯ ಮನೆಗಳು ಒಂದಷ್ಟಿದ್ದವು. ಅಂಗಡಿಯಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ. ಕನ್ನಡಕ್ಕೆ ಉಳಿದದ್ದು ಅಡುಗೆಮನೆ ಮತ್ತು ಭಾನುವಾರ ಸಂಜೆ ನೀರಿನ ಟ್ಯಾಂಕಿನ ಕಟ್ಟೆ. ಆ ಕಟ್ಟೆಯ ಮೇಲೆ ನಿಂತು ಕಾಕಾ ಪ್ರಶ್ನೆ ಕೇಳುತ್ತಿದ್ದರು. ಅದಕ್ಕೆ ಕ್ವಿಜ್ ಎಂದರೆ ಅವರಿಗಾಗುತ್ತಿರಲಿಲ್ಲ. "ಬರ್ರಿ, ಕೇಳಾಟಕ್ಕ" ಎಂದು ಕೂಗುತ್ತಿದ್ದರು. ಸಣ್ಣವರು ದೊಡ್ಡವರು ಎಲ್ಲರೂ ಬರುತ್ತಿದ್ದರು. ಸರಿ ಉತ್ತರಕ್ಕೆ ಒಂದು ಬೇಕರಿ ಬಿಸ್ಕತ್ತು.

ಅವರ ಪ್ರಶ್ನೆಗಳಿಗೆ ಗಡಿಯಿರಲಿಲ್ಲ. ಬಿದರಿ ಹೂಜಿಗೆ ಆ ಕಪ್ಪು ಬಣ್ಣ ಎಲ್ಲಿಂದ ಬಂತು? ಬೀದರ ಕೋಟೆಯ ಮಣ್ಣಿನಿಂದ. ಹಾವಿಗೆ ಹೊರಗಿವಿ ಇಲ್ಲ, ಹಾಗಾದರೆ ಯಾರೋ ನಡೆದು ಬರುವುದು ಅದಕ್ಕೆ ಹೇಗೆ ತಿಳಿಯುತ್ತದೆ? ನೆಲದ ನಡುಕ ದವಡೆಗೆ ತಾಗಿ. ಮೂಸಿ ನದಿ ಉಕ್ಕಿ ಊರು ಕೊಚ್ಚಿಹೋದ ಮೇಲೆ ಮತ್ತೆ ಹಾಗಾಗದಂತೆ ಕೆರೆ ಕಟ್ಟಲು ಹೇಳಿಕೊಟ್ಟ ಎಂಜಿನಿಯರು ಯಾರು? ಎಲ್ಲರೂ ಒಟ್ಟಿಗೆ ಆ ದೊಡ್ಡ ಹೆಸರನ್ನು ಕೂಗಿದಾಗ ಅವರು ಕೈಯಾಡಿಸಿ, "ಹೆಸರು ಗ್ವಾಡಿ ಮ್ಯಾಗಿನ ಹಲ್ಲಿಗೂ ಗೊತ್ತೈತಿ. ಆ ಕೆರಿ ನೋಡೀರೇನು? ನೋಡ್ದವರಿಗೆ ಬಿಸ್ಕೀಟು" ಎಂದಿದ್ದರು. ಆ ಸಂಜೆ ಬಿಸ್ಕತ್ತು ಪೊಟ್ಟಣದಲ್ಲೇ ಉಳಿಯಿತು. ಮುಂದಿನ ರಜೆಯಲ್ಲಿ ನಾವೆಲ್ಲ ಬುತ್ತಿ ಕಟ್ಟಿಕೊಂಡು ಕೆರೆ ನೋಡಿ ಬಂದೆವು.

ಒಮ್ಮೆ, "ತಂಬೂರಿಯೊಳಗ ಜವಾರಿ ಅಂತಾರ. ಹಂಗಂದ್ರೇನು?" ಎಂದು ಕೇಳಿದರು. ಅಮ್ಮ ಥಟ್ಟನೆ ಎದ್ದಳು. "ಅದರಾಗ ಕೇಳೂದೇನೈತ್ರಿ? ನಮ್ಮ ಕಡೀದು ಅಂತ. ಜವಾರಿ ಬಳ್ಳೊಳ್ಳಿ, ಜವಾರಿ ಬದನಿಕಾಯಿ ಇದ್ಹಂಗ ಜವಾರಿ ತಂಬೂರಿ." ಕಾಕಾ ಕಟ್ಟೆಯ ಮೇಲೆ ಕುಸಿದು ಕುಳಿತು ಕಣ್ಣೀರು ಬರುವಂತೆ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು ವಿವರಿಸಿದರು: ತಂತಿ ಕೂಡುವ ಕುದುರೆಯ ಮೈಯನ್ನು ನಯವಾಗಿ ಬಾಗಿಸಿ, ತಂತಿಯ ಕೆಳಗೊಂದು ನೂಲಿನ ಎಳೆ ಇಟ್ಟರೆ ಹುಟ್ಟುವ ಆ ಗುಂಯ್‌ಗುಡುವ ನಾದ ಜವಾರಿ. ಅಮ್ಮನಿಗೆ ಅರ್ಧ ಬಿಸ್ಕತ್ತು ಮುರಿದು ಕೊಟ್ಟರು. "ಬದನಿಕಾಯಿಗೆ ಅರ್ಧಾ ಮಾರ್ಕ್ಸ್, ವೈನೀ."

ಅವರು ತಪ್ಪುತ್ತಲೂ ಇದ್ದರು. ಬಿದಿರು ಮರ ಎಂದು ಒಂದು ಸಂಜೆಯಿಡೀ ಹಟ ಹಿಡಿದರು. ಹುಲ್ಲಿನ ಜಾತಿ ಎಂದು ನಾನು ಶಾಲೆಯ ಪುಸ್ತಕ ತಂದು ತೋರಿಸಿದರೂ ಒಪ್ಪಲಿಲ್ಲ. ಮುಂದಿನ ಭಾನುವಾರ ಎಲ್ಲರಿಗೂ ಬಿಸ್ಕತ್ತು ಹಂಚಿ ಹೇಳಿದರು: "ಬಿದರು ಹುಲ್ಲು ಅಂತ್ರಿ. ನಾ ಹ್ವಾದ ವಾರ ಅದನ್ನ ತಿಂದು ಮಾತಾಡಿದ್ದೆ."

ಕೇಳಾಟದ ಕಡೆಯ ಸುತ್ತು ಯಾವಾಗಲೂ ಸದ್ದಿನದು. ಟವೆಲಿನ ಮರೆಯಲ್ಲಿ ಒಂದೊಂದೇ ವಸ್ತು ಬಡಿಯುತ್ತಿದ್ದರು; ಕಂಚೋ ಹಿತ್ತಾಳೆಯೋ ಕಲ್ಲೋ ನಾವು ಹೇಳಬೇಕು. ಸೀಸದ ಗುಂಡು ಬಂದಾಗ ಠಪ್ ಎಂದಷ್ಟೇ. "ಇದು ಮೂಗ ಧಾತು. ಬಡದ್ರೂ ಬಾಯಿ ಬಿಡಂಗಿಲ್ಲ" ಎನ್ನುತ್ತಿದ್ದರು. ಗಂಟೆಯ ವಿಷಯ ಬಂದರೆ ದನಿ ಬದಲಾಗುತ್ತಿತ್ತು. "ತಾಮ್ರ ಮೆತ್ತಗ. ತವರ ಅದಕ್ಕಿಂತಾ ಮೆತ್ತಗ. ಎರಡು ಮೆತ್ತನ್ನವು ಕೂಡಿ ಕಂಚು ಆದ್ರ ಹ್ಯಾಂಗ ಹಾಡ್ತೈತಿ ನೋಡ್ರಿ! ಇದು ನನಗ ಇನ್ನೂ ಹೊಸಾದ ಐತಿ."

ನಾನು ಕೆಲಸಕ್ಕೆ ಸೇರಿದ ಮೇಲೆ ಆ ಸುತ್ತು ನಿಂತಿತು. ಟವೆಲು ಹರಿದಿದೆ ಎಂದರು. ಆಮೇಲೆ ಹೊಸ ನಿಯಮ ಬಂತು: ಉತ್ತರವನ್ನು ಕೂಗಬಾರದು, ಪಾಟಿಯ ಮೇಲೆ ಬರೆದು ಎತ್ತಿ ಹಿಡಿಯಬೇಕು. "ಸಂತಿ ಅಲ್ಲಿದು. ಶಿಸ್ತು ಬೇಕು." ಅಮ್ಮನಿಗೆ ಇದು ನಿಜವಾದ ಪರೀಕ್ಷೆಯಂತೆ ಕಂಡು ಖುಷಿಯಾಯಿತು. ಅದೇ ಹೊತ್ತಿಗೆ ಕಾಕಾರ ಹೆಂಡತಿ ಮಹಾದೇವಿ ಕಾಕು ಮನೆಯಲ್ಲಿ ವಿಪರೀತ ಕೂಗಾಡತೊಡಗಿದರು. ಉಪ್ಪು ತರಲು ಹೇಳಿದರೂ ಮೂರು ಬ್ಲಾಕಿಗೆ ಕೇಳುತ್ತಿತ್ತು. ಅಷ್ಟು ಒಳ್ಳೆಯ ಮನುಷ್ಯನಿಗೆ ಈ ವಯಸ್ಸಿನಲ್ಲಿ ಇದೇನು ಕಾಟ ಎಂದು ಜನ ಮರುಗಿದರು. ಎರಕದ ಮನೆಯವರಂತೂ ಊಟದ ಹೊತ್ತಿನಲ್ಲಿ, "ಕಾಕಾನ ಕಿವಿಗೆ ಈಗ ಎಲ್ಲಾನೂ ಬಿರುಕ. ದೇವರ ಗಂಟಿ ಕೊಟ್ರೂ ವಾಪಸ್ ಕಳಸ್ತಾನ" ಎಂದು ಆಡಿಕೊಳ್ಳುತ್ತಿದ್ದರು. ಅವರು ತಿರಸ್ಕರಿಸುವ ಭಾಗಗಳ ರಾಶಿ ಬೆಳೆಯುತ್ತಿತ್ತು.

ನಿಜ ಹೇಳಿದವರು ಕಾಕು. ನಲ್ಲಿಯ ಬಳಿ ನಾವಿಬ್ಬರೇ ಇದ್ದಾಗ, ನಾನು ಕೇಳದಿದ್ದರೂ, ಕೊಡ ತುಂಬುವ ಸದ್ದಿನಲ್ಲಿ ಹೇಳಿದರು. "ಊರಿಗೆಲ್ಲಾ ನಾ ಜಗಳಗಂಟಿ ಆಗೀನಿ, ಆಗ್ಲಿ. ಅವರಿಗೆ ಕೇಳಂಗಿಲ್ಲ ತಂಗಿ. ಮೂರು ಅಂದ್ರ ನೂರು ಅಂತಾರ. ತೆಳ್ಳನ್ನ ಸದ್ದು ಪೂರಾ ಹೋಗೇತಿ. ಇನ್ನಾ ಸ್ವಲ್ಪ ವರ್ಷ ನೌಕ್ರಿ ಐತಿ. ಯಾರ ಮುಂದೂ ಬಾಯಿ ಬಿಡಬ್ಯಾಡ." ನಾನು ಬಿಡಲಿಲ್ಲ.

ಮಳೆಗಾಲದ ಒಂದು ಮಧ್ಯಾಹ್ನ ಎರಕದ ಮನೆಯಲ್ಲಿ ಕ್ರೇನಿನಿಂದ ಒಂದು ಅಚ್ಚಿನ ಪೆಟ್ಟಿಗೆ ಜಾರಿ ಬಿತ್ತು. ಕೆಳಗಿದ್ದ ಹೆಲ್ಪರನ ಪಾದ ಜಜ್ಜಿಹೋಯಿತು. ಆಫೀಸಿನಿಂದ ನಾನು ಓಡಿ ಹೋಗುವಷ್ಟರಲ್ಲಿ ಅವನನ್ನು ಎತ್ತಿಕೊಂಡು ಹೋಗಿದ್ದರು. ಒಂದು ಚಪ್ಪಲಿ ಮಾತ್ರ ಅಲ್ಲಿತ್ತು. ಕ್ರೇನು ನಡೆಸುತ್ತಿದ್ದವನು ಯಾದಗಿರಿ, ನಮ್ಮ ಕ್ವಾರ್ಟರ್ಸಿನವನೇ ಆದ ತೆಲುಗಿನ ಹುಡುಗ. ಕ್ರೇನು ಚಲಿಸುವ ಮುನ್ನ ಗಂಟೆ ಬಾರಿಸಬೇಕೆಂಬುದು ನಿಯಮ. ಅವನು ಬಾರಿಸಲಿಲ್ಲ ಎಂದು ಮೇಲಿನವರು, ಬಾರಿಸಿದೆ ಎಂದು ಅವನು. ಪೆಟ್ಟು ತಿಂದವನಿಗೆ ಏನೂ ನೆನಪಿರಲಿಲ್ಲ. ಹತ್ತಿರದಲ್ಲಿ ನಿಂತಿದ್ದವರು ಶರಣಪ್ಪ ಕಾಕಾ ಒಬ್ಬರೇ ಎಂದು ಎಲ್ಲರೂ ಹೇಳಿದರು. ಗಂಟೆಯಾಗಿಲ್ಲ ಎಂದು ತೀರ್ಮಾನವಾದರೆ ಯಾದಗಿರಿಯ ಕೆಲಸ ಹೋಗುವುದು ಖಚಿತವಿತ್ತು.

ವಿಚಾರಣೆಯ ಹಿಂದಿನ ಸಂಜೆ ಅವನು ಕಾಕಾರ ಮನೆಗೆ ಬಂದ. ಕಾಕಾ ಅಂಗಳದಲ್ಲಿ ಬೆನ್ನು ಹಾಕಿ ತುಳಸಿಗೆ ನೀರು ಹಾಕುತ್ತಿದ್ದರು. "ಕಾಕಾ, ನಾನ್ ಬೆಲ್ ಕೊಟ್ಟೀನಿ ಕದಾ. ನೀವು ಕೇಳೀರಿ ಕದಾ?" ಎಂದು ತೆಲುಗು ಬೆರೆತ ಕನ್ನಡದಲ್ಲಿ ಕೇಳಿದ. ಅವರು ತಿರುಗಲಿಲ್ಲ. ಮತ್ತೊಮ್ಮೆ ಕೇಳಿದ. ಆಗಲೂ ತಿರುಗಲಿಲ್ಲ. ಅವನ ಮುಖ ಸಣ್ಣದಾಯಿತು. ಹೊರಟೇ ಹೋಗುತ್ತಿದ್ದವನನ್ನು ಕಾಕು ತಡೆದು, ಗಂಡನ ಭುಜ ಮುಟ್ಟಿ, ಅದೇ ಮಾತನ್ನು ಅವರ ಮುಖದೆದುರು ಕಿರುಚಿ ಹೇಳಿದರು. ಕಾಕಾ ನೀರಿನ ತಂಬಿಗೆ ಕೆಳಗಿಟ್ಟರು. "ನಾಳೆ ಬರ್ತೀನಿ ಹೋಗಪಾ. ಇದ್ದದ್ದು ಹೇಳ್ತೀನಿ" ಎಂದರು. ಇದ್ದದ್ದು ಎಂದರೆ ಯಾವುದು ಎಂದು ಅವನಿಗೆ ತಿಳಿಯಲಿಲ್ಲ. ಪಕ್ಕದ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದ ನನಗೂ ತಿಳಿಯಲಿಲ್ಲ.

ವಿಚಾರಣೆಯಲ್ಲಿ ಹೇಳಿಕೆ ಬರೆದುಕೊಳ್ಳುತ್ತಿದ್ದವಳು ನಾನು. ಅಧಿಕಾರಿ ಉತ್ತರ ಭಾರತದ ಕಡೆಯವರು, ಅವಸರದವರು. "ಘಂಟೀ ಸುನೀ? ಹಾಂ ಯಾ ನಾ?" ಎಂದರು. ಕಾಕಾ ಅವರ ತುಟಿಯನ್ನೇ ನೋಡುತ್ತಿದ್ದರು. "ನಹೀ ಸುನಾ, ಸಾಬ್" ಎಂದರು. ಬಾಗಿಲ ಬಳಿ ನಿಂತಿದ್ದ ಯಾದಗಿರಿ ಗೋಡೆಗೆ ಒರಗಿದ. ಅಧಿಕಾರಿ ನನಗೆ ಬರೆದುಕೊಳ್ಳಲು ಸನ್ನೆ ಮಾಡಿದರು. ಆಗ ಕಾಕಾ ಕೈ ಎತ್ತಿ ನನ್ನ ಕಡೆ ತಿರುಗಿದರು.

"ತಂಗಿ, ನನಗ ಕೇಳಲಿಲ್ಲ ಅಂತ ಬರದು ಅಲ್ಲೇ ಚುಕ್ಕಿ ಇಡಬ್ಯಾಡ. ಸಾಹೇಬರಿಗೆ ಹೇಳು. ನಾ ಗ್ವಾಡಿ ಕಡೆ ಮಾರಿ ಮಾಡಿ ನಿಂದರತೀನಿ. ಅವರ ಮೇಜಿನ ಮ್ಯಾಗಿನ ಗಂಟಿ ಬಾರಸಲಿ."

ನಾನು ಹಿಂದಿಯಲ್ಲಿ ಹೇಳಿದೆ. ಕಾಕಾ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಅಧಿಕಾರಿ ಜವಾನನನ್ನು ಕರೆಯುವ ಹಿತ್ತಾಳೆಯ ಗಂಟೆಯನ್ನು ಒತ್ತಿದರು. ಆ ಚೂಪು ಸದ್ದು ನನ್ನ ಹಲ್ಲಿಗೆ ತಾಗಿತು. ಹೊರಗಿದ್ದ ಜವಾನ ಬಾಗಿಲು ತಳ್ಳಿಕೊಂಡು "ಜೀ ಸಾಬ್" ಎಂದು ಬಂದ. ಕಾಕಾ ನಿಂತೇ ಇದ್ದರು. ಅಧಿಕಾರಿ ಇನ್ನೊಮ್ಮೆ ಒತ್ತಿದರು. ಎದುರಿಗೇ ನಿಂತಿದ್ದ ಜವಾನ ಗಾಬರಿಯಿಂದ ಮತ್ತೆ "ಜೀ ಸಾಬ್" ಎಂದ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕಾಕಾ ಗೋಡೆಯನ್ನೇ ಕೇಳಿದರು: "ಬಾರಿಸಿದ್ರೇನ್ರೀ?"

ನಾನು ಹೋಗಿ ಅವರ ತೋಳು ಹಿಡಿದು ತಿರುಗಿಸಿದೆ. ನಮ್ಮೆಲ್ಲರ ಮುಖ ನೋಡಿ ಅವರಿಗೆ ತಿಳಿಯಿತು. ಹಾಗಾದರೆ ಇಷ್ಟು ದಿನ ತಪಾಸಣೆ ಹೇಗೆ ಮಾಡಿದಿರಿ ಎಂದು ಅಧಿಕಾರಿ ಗದರಿದರು. "ಅಂಗೈ ಇಟ್ಟು ನಡುಕ ನೋಡ್ತಿದ್ದೆ. ಅನುಮಾನ ಬಂದದ್ದೆಲ್ಲಾ ವಾಪಸ್ ಕಳಿಸೀನಿ. ಎರಕದ ಮನಿಯವರನ್ನ ಕೇಳ್ರಿ, ಎಷ್ಟು ಬೈದಾರ." ಆಮೇಲೆ, ನಾನು ಹಿಂದಿಗೆ ತಿರುಗಿಸಲು ಅನುವಾಗುವಂತೆ, ಒಂದೊಂದೇ ಮಾತು ತೂಗಿ ಹೇಳಿದರು: "ಗಂಟಿ ಆತೋ ಇಲ್ಲೋ ನನಗ ಹೇಳಾಕ ಬರಂಗಿಲ್ಲ. ಆದ್ರ ಪೆಟಗಿ ಅಲುಗೂಕಿಂತ ಮುಂಚೆ ಆಚೆ ಕಡೆ ಮರಳು ಜರಡಿ ಹಿಡಿಯಾಕತ್ತಿದ್ದ ಇಬ್ಬರು ಹೆಣ್ಮಕ್ಕಳು ತಲಿ ಎತ್ತಿ ಮ್ಯಾಲ ನೋಡಿದ್ದು ಕಂಡೆ. ಯಾಕ ನೋಡಿದ್ರು ಅಂತ ಅವರನ್ನ ಕೇಳ್ರಿ."

ಅವರಿಬ್ಬರು ಗುತ್ತಿಗೆ ಕೂಲಿಯವರು. ಅವರನ್ನು ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕರೆದು ಕೇಳಿದಾಗ ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರು: ಗಂಟೆಯಾಯಿತು, ಅದಕ್ಕೇ ನೋಡಿದೆವು.

ಯಾದಗಿರಿಯ ಕೆಲಸ ಉಳಿಯಿತು. ಕಾಕಾರನ್ನು ಉಗ್ರಾಣಕ್ಕೆ ಹಾಕಿದರು. ಅವರು ಎರಕದ ಮನೆ ಹಾದು ಹೋಗುವಾಗ ಯಾದಗಿರಿ ಗಂಟೆ ಬಾರಿಸಿ, ಕ್ರೇನಿನ ಕೋಣೆಯಿಂದ ಕೈ ಬೀಸಿ, ಅವರು ತಲೆಯೆತ್ತಿ ನೋಡುವವರೆಗೂ ಕ್ರೇನು ಚಲಿಸದೆ ನಿಲ್ಲಿಸಿಕೊಳ್ಳುತ್ತಿದ್ದ. ಕಾಕು ಈಗ ನಿಶ್ಚಿಂತೆಯಿಂದ ಕೂಗುತ್ತಿದ್ದರು. ಭಾನುವಾರ ನಾವು ಪಾಟಿ ಹಿಡಿದುಕೊಂಡು ಕರೆಯಲು ಹೋದರೆ ಕಾಕಾ ಬರಲಿಲ್ಲ. "ಕೇಳೂದಂದ್ರ ಎರಡು ಕೆಲಸ ತಂಗಿ. ಪ್ರಶ್ನಿ ಕೇಳೂದು, ಜವಾಬು ಕೇಳೂದು. ಬರೇ ಮೊದಲಿಂದು ಮಾಡಿದ್ರ ಅದು ಒದರೂದು" ಎಂದರು. ಟ್ಯಾಂಕಿನ ಕಟ್ಟೆಯ ಮೇಲೆ ಯಾರೋ ಹಪ್ಪಳ ಒಣಹಾಕತೊಡಗಿದರು.

ನಿವೃತ್ತಿಯಾದ ಮೇಲೆ ಅವರು ರಾಯಚೂರಿನ ಮಗಳ ಮನೆಗೆ ಹೊರಟರು. ನಾನು ಆಗ ಮದುವೆಯಾಗಿ ಮಿಯಾಪುರದಲ್ಲಿದ್ದೆ. ಬೀಳ್ಕೊಡಲು ನಾಂಪಲ್ಲಿ ಸ್ಟೇಷನ್ನಿಗೆ ಹೋದೆ. ಕಾಕು ಒಳಗೆ ಸಾಮಾನು ಜೋಡಿಸುತ್ತಿದ್ದರು. ಕಾಕಾ ಕಿಟಕಿಯ ಸರಳು ಹಿಡಿದು, ತಮ್ಮದೇ ಹೊಸ, ಚಪ್ಪಟೆಯಾದ, ದೊಡ್ಡ ದನಿಯಲ್ಲಿ ಕೇಳಿದರು:

"ತಂಗಿ, ಒಂದು ಪ್ರಶ್ನಿ. ಇದರ ಉತ್ತರ ನನಗ ಗೊತ್ತಿಲ್ಲ. ನನ್ನ ದನಿ ಈಗ ಹ್ಯಾಂಗೈತಿ?"

ಅವರಿಗೆ ಕಾಣುವಂತೆ ತುಟಿ ಅಗಲಿಸಿ ಹೇಳಿದೆ: "ಭಾಳ ದೊಡ್ಡದಾಗೇತ್ರಿ ಕಾಕಾ. ಇಡೀ ಡಬ್ಬಿ ನಿಮ್ಮನ್ನ ನೋಡಾಕತ್ತೈತಿ."

ಅವರು ಹಿಂದೆ ತಿರುಗಿ ನೋಡಿ ನಾಚಿಕೊಂಡರು. ಆಮೇಲೆ ದನಿ ತಗ್ಗಿಸಿದರು. "ಈಗ?" ನಾನು ಅಂಗೈಯನ್ನು ಇನ್ನಷ್ಟು ಕೆಳಗೆ ಎಂದು ತೋರಿಸಿದೆ. "ಈಗ?" ಇನ್ನೂ ಕೆಳಗೆ. ರೈಲು ಅಲುಗಿತು. ನಾನು ಜೊತೆಗೇ ನಡೆಯುತ್ತ ಕೈ ಇಳಿಸುತ್ತಿದ್ದೆ. ಅವರು ನನ್ನ ಕೈಯನ್ನೇ ನೋಡುತ್ತ ದನಿ ಇಳಿಸುತ್ತಿದ್ದರು. ಒಂದು ಕ್ಷಣ ಅದು ಹಳೆಯ ಭಾನುವಾರಗಳ ದನಿಯೇ ಆಗಿತ್ತು. ನಿಲ್ಲಿಸಿ, ಇಷ್ಟೇ, ಇಲ್ಲೇ ಇರಲಿ ಎಂದು ನಾನು ಕೈ ಹಿಡಿದು ತೋರಿಸುವಷ್ಟರಲ್ಲಿ ಕಂಬವೊಂದು ಅಡ್ಡ ಬಂತು. ಕಂಬದಾಚೆ ಕಿಟಕಿ ಮತ್ತೆ ಕಂಡಾಗ ಅವರು ನಗುತ್ತ ಏನೋ ಹೇಳುತ್ತಿದ್ದರು, ತೀರಾ ಮೆಲ್ಲಗೆ. ತುಟಿಗಳು ಅಲುಗಿದ್ದು ಕಂಡೆ. ಕೊನೆಗೆ ಹುಬ್ಬು ಮೇಲೇರಿದ್ದರಿಂದ ಅದು ಪ್ರಶ್ನೆಯೇ ಇರಬೇಕು. ಏನೆಂದು ನನಗೆ ಕೇಳಿಸಲಿಲ್ಲ.