ಉಪ್ಪುಹುಣಸೆಯಲ್ಲಿಟ್ಟ ಹೂಗೆಡ್ಡೆ

ಮೊನ್ನೆ ಸೊಸೆ ವರ್ಷದ ಹುಣಸೆಹಣ್ಣಿಗೆ ಉಪ್ಪು ಬೆರೆಸಿ ಜಾಡಿಗೆ ತುಂಬುತ್ತಿದ್ದಳು. ಆ ಹುಳಿವಾಸನೆ ಮೂಗಿಗೆ ಬಡಿದದ್ದೇ ತಡ, ಹಿಂದೂಪುರದ ಮಂಡಿ ಅಕ್ಕ ನೆನಪಾದಳು. ಎದ್ದು ಜಗಲಿಗೆ ಹೋಗಿ ಕೂತೆ. ‘ಘಾಟಾಯ್ತಾ ಅತ್ತೆ?’ ಎಂದು ಸೊಸೆ ಕೇಳಿದಳು. ಹೂಂ ಎಂದೆ. ಅದನ್ನೆಲ್ಲ ಹೇಳುತ್ತ ಕೂತರೆ ಅವಳ ಕೆಲಸ ಕೆಡುತ್ತದೆ.

ನಾನು ಮದುವೆಯಾಗಿ ಹಿಂದೂಪುರಕ್ಕೆ ಹೋದಾಗ ಅದಿನ್ನೂ ಮದರಾಸಿಗೆ ಸೇರಿದ ಊರು. ಪಕ್ಕದ ಮನೆಯವರದು ಹುಣಸೆಹಣ್ಣಿನ ಮಂಡಿ. ಆ ಮನೆಯ ಯಜಮಾನಿಯನ್ನು ಬೀದಿಯವರೆಲ್ಲ ಮಂಡಿ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವಳಿಗೆ ಒಬ್ಬಳೇ ಮಗಳು. ಕಲ್ಯಾಣದುರ್ಗದ ಕಡಲೆಕಾಯಿ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದರು. ಮದುವೆ ಸೀರೆ ಕೊಳ್ಳಲು ಬೆಂಗಳೂರಿಗೆ ಹೋದಾಗ ಆ ಹುಡುಗಿ ಒಂದು ಹಿಡಿ ಹೂಗೆಡ್ಡೆ ಕೊಂಡು ತಂದಿದ್ದಳು. ಈರುಳ್ಳಿಯನ್ನು ಮೇಲಿಂದ ಅದುಮಿದ ಹಾಗಿದ್ದವು. ಗ್ಲಾಡಿಯೋಲಸ್ ಎಂಬ ಹೆಸರು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮಗೆಲ್ಲ ಅದು ಬೆಂಗಳೂರು ಹೂವು.

ದಸರಾ ಕಳೆದು ಗಂಡನ ಮನೆಗೆ ಹೊರಟ ಬೆಳಿಗ್ಗೆ ಅವಳು ಬಾವಿಕಟ್ಟೆಯ ಪಕ್ಕ ಗೆಡ್ಡೆಗಳನ್ನು ನೆಟ್ಟಳು. ‘ಹೂ ಬುಟ್ಟಾಗ ಹೇಳಿ ಕಳ್ಸಮ್ಮ, ಬತ್ತೀನಿ’ ಎಂದು ಮಣ್ಣಿನ ಕೈಯಲ್ಲೇ ಅಮ್ಮನ ಕೈ ಹಿಡಿದಳು. ಬೀಗರು ಸೊಸೆಯನ್ನು ಸುಲಭಕ್ಕೆ ತವರಿಗೆ ಕಳಿಸುವ ಪೈಕಿಯಲ್ಲ. ಕರೆಯಲು ಏನಾದರೊಂದು ನೆಪ ಬೇಕಿತ್ತು, ಅಕ್ಕನಿಗೆ ಆ ಹೂವೇ ನೆಪವಾಯಿತು.

ಅವಳು ಮಾಡಿದ ಆರೈಕೆ ಬಾಣಂತನಕ್ಕೇನೂ ಕಡಿಮೆಯಿರಲಿಲ್ಲ. ನೀರು ನಿಂತು ಗೆಡ್ಡೆ ಕೊಳೆಯದಿರಲೆಂದು ಪಾತಿಗೆ ಮರಳು ತರಿಸಿ ಬೆರೆಸಿದಳು. ಕತ್ತಿಯಂಥ ಎಲೆಗಳ ನಡುವೆ ದಂಟು ಎದ್ದಾಗ, ಗಾಳಿಗೆ ಬಾಗದಂತೆ ಹುಣಸೆ ಬರಲಿನ ಕಡ್ಡಿ ನೆಟ್ಟು ಬಾಳೆನಾರಿನಲ್ಲಿ ಕಟ್ಟಿದಳು. ನಮ್ಮತ್ತೆ ಗೋಡೆಯಾಚೆಯಿಂದ, ‘ವಾಸ್ನೆ ಇಲ್ದಿದ್ ಹೂವಂತೆ, ಮುಡಿಯಕ್ಕಿಲ್ಲ ಪೂಜೆಗಿಲ್ಲ, ಯಾಕಮ್ಮ ಇಷ್ಟು ಉಪಚಾರ?’ ಎಂದು ಕೆಣಕುತ್ತಿದ್ದರು. ಅಕ್ಕ ನಗುತ್ತಿದ್ದಳಷ್ಟೇ.

ಸಂಕ್ರಾಂತಿಯ ಹೊತ್ತಿಗೆ ಮೊದಲ ಹೂ ಅರಳಿತು, ಕೆಂಪು. ಅವತ್ತೇ ಕಲ್ಯಾಣದುರ್ಗದ ಬಸ್ಸಿನ ಕ್ಲೀನರನ ಕೈಯಲ್ಲಿ ಹೇಳಿ ಕಳಿಸಿದಳು. ಮಾರನೆಯ ಸಂಜೆ ಅವನು ಒಬ್ಬನೇ ಬಂದು ಬಾಗಿಲಲ್ಲಿ ನಿಂತ. ‘ಪಂಪಲೇದಕ್ಕಾ, ಕಳಿಸ್ಲಿಲ್ಲ. ಕಡ್ಲೆಕಾಯಿ ಸುಗ್ಗಿ ಮುಗೀಲಿ ಅಂದ್ರು.’

ಆ ಹೂವಿನ ಕಷ್ಟವೇ ಅದು, ಒಂದೇ ಸಲಕ್ಕೆ ಅರಳುವುದಿಲ್ಲ. ದಂಟಿನ ಬುಡದಿಂದ ಒಂದೊಂದಾಗಿ ಮೇಲಕ್ಕೆ ಬಿಡುತ್ತ ಹೋಗುತ್ತದೆ. ಕೆಳಗಿನವು ಬಾಡಿದರೂ ಅಕ್ಕ ತುದಿಯನ್ನೇ ತೋರಿಸುತ್ತಿದ್ದಳು. ‘ಮೇಲೆ ಇನ್ನೂ ಮೊಗ್ಗೈತೆ ಕಣಮ್ಮ, ಅಷ್ಟರಲ್ಲಿ ಬತ್ತಾಳೆ ಬುಡು.’ ತುದಿಯ ಮೊಗ್ಗೂ ಅರಳಿತು, ಒಣಗಿತು... ಮಗಳು ಬರಲಿಲ್ಲ.

ಶಿವರಾತ್ರಿ ಕಳೆದು ಎಲೆ ಹಳದಿಯಾದ ಮೇಲೆ ಗೆಡ್ಡೆ ಕಿತ್ತು ನೆರಳಲ್ಲಿ ಒಣಗಿಸಿದಳು. ಮುಂದಿನ ದಸರಾಕ್ಕೆ ಮತ್ತೆ ನೆಡಬೇಕಲ್ಲ. ಅದೇ ಬೇಸಿಗೆಯಲ್ಲಿ ಕಲ್ಯಾಣದುರ್ಗದಿಂದ ಸುದ್ದಿ ಬಂತು, ಮಗಳಿಗೆ ವಿಷಮಜ್ವರ. ಅಕ್ಕ, ಅವಳ ಯಜಮಾನರು ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಹೆತ್ತವಳು ಬರುವ ತನಕವೂ ಕಾಯಲಿಲ್ಲ. ಆ ಬೀಗರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ವಾಪಸು ಬಂದ ಅಕ್ಕ ಅಳಲಿಲ್ಲ, ಗೆಡ್ಡೆಗಳನ್ನು ಹುಡುಕಿದಳು. ಮಗಳು ಕೈಯಾರೆ ನೆಟ್ಟದ್ದೆಂದು ಉಳಿದದ್ದು ಅವಷ್ಟೇ. ಮಂಡಿಯಲ್ಲಿ ಆಗ ಹುಣಸೆಹಣ್ಣಿನ ಬೀಜ ತೆಗೆದು, ಉಪ್ಪು ಬೆರೆಸಿ ತುಳಿದು ಬುಟ್ಟಿಗೆ ತುಂಬುವ ಕಾಲ. ಉಪ್ಪು ಬಿದ್ದ ಹಣ್ಣು ವರ್ಷಗಟ್ಟಲೆ ಕೆಡುವುದಿಲ್ಲ, ಇಲಿ ಹುಳು ಹತ್ತಿರ ಸುಳಿಯುವುದಿಲ್ಲ. ಆ ಮನೆಗೆ ಕಾಲಿಟ್ಟ ದಿನದಿಂದ ಅವಳು ಕಂಡದ್ದು ಅದನ್ನೇ. ಗೆಡ್ಡೆಗಳನ್ನು ಬಟ್ಟೆಯಲ್ಲಿ ಕಟ್ಟಿ, ಬುಟ್ಟಿಯ ನಟ್ಟನಡುವೆ ಹೂತು, ಮೇಲೆ ಇನ್ನೊಂದು ಹಿಡಿ ಉಪ್ಪು ಹಾಕಿ ಅದುಮಿದಳು. ಯಾರೂ ಬೇಡವೆನ್ನಲಿಲ್ಲ. ನಮ್ಮತ್ತೆ ಕೂಡ ಒಳ್ಳೆಯ ಉಪಾಯವೆಂದರು.

ದಸರಾಕ್ಕೆ ಬಿಚ್ಚಿದಾಗ ಅವು ಹಳೆಯ ಉಪ್ಪಿನಕಾಯಿ ಹೋಳಿನಂತೆ ಸುರುಟಿ ಕಪ್ಪಾಗಿದ್ದವು. ಬಾವಿನೀರಿನಲ್ಲಿ ತೊಳೆದಳು, ಮತ್ತೆ ಮತ್ತೆ ತೊಳೆದಳು. ಅದೇ ಪಾತಿಯಲ್ಲಿ ನೆಟ್ಟು ದಿನಾ ನೀರು ಹಾಕಿದಳು. ಹುಣಸೆ ಬರಲನ್ನೂ ಮುಂಚೆಯೇ ನೆಟ್ಟಿದ್ದಳು. ಅವಳ ಯಜಮಾನರು ನೋಡಿ ನೋಡಿ ಒಂದು ದಿನ, ‘ಉಪ್ಪು ಕುಡ್ದಿರೋ ಗೆಡ್ಡೆ ಕಣೇ ಅದು, ಬುಟ್ಬುಡು’ ಎಂದರು. ಅವಳು ಬಿಡಲಿಲ್ಲ.

ಸಂಕ್ರಾಂತಿ ಬಂತು. ನಾನು ಎಳ್ಳು ಬೀರಲು ಹೋದಾಗ ಅಕ್ಕ ಬರಿಯ ಪಾತಿಯ ಮುಂದೆ ಕೊಡ ಇಟ್ಟುಕೊಂಡು ಕೂತಿದ್ದಳು. ‘ಕೆಡ್ಬಾರ್ದು ಅಂತ ಇಟ್ಟೆ ಕಣಮ್ಮ. ಕೆಡ್ಲಿಲ್ಲ... ಹುಟ್ಲೂ ಇಲ್ಲ’ ಎಂದಳು. ಎಳ್ಳಿನ ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ಅವಳ ಪಕ್ಕದಲ್ಲಿ ಕೂತೆ. ಆಮೇಲೆ ಅವಳು ಬಹಳ ವರ್ಷ ಬದುಕಲಿಲ್ಲ.

ಈಗ ನಾನೂ ಆ ಹೂವು ಬೆಳೆಸುತ್ತೇನೆ. ಗಾಳಿಯಾಡುವ ಬಿದಿರುಬುಟ್ಟಿಯಲ್ಲಿ ಗೆಡ್ಡೆ ಇಟ್ಟರೆ ಸಾಕು, ತಾವಾಗಿಯೇ ಮೊಳೆಯುತ್ತವೆ. ಅಷ್ಟು ಸುಲಭ, ಅದಕ್ಕೇ ಹೊಟ್ಟೆ ಉರಿಯುತ್ತದೆ. ಬುಡದ ಹೂ ಅರಳಿದ ದಿನ ಬಸ್ಸಿನವನ ಕೈಯಲ್ಲಿ ಹೇಳಿ ಕಳಿಸಬೇಕು ಅನ್ನಿಸುತ್ತದೆ. ಕಲ್ಯಾಣದುರ್ಗದಿಂದ ಬರುವವಳಿಲ್ಲ, ಪಕ್ಕದ ಮನೆಯಲ್ಲಿ ಕಾಯುವವಳೂ ಇಲ್ಲ. ಹೂ ಮಾತ್ರ ತುದಿಯವರೆಗೂ ಅರಳುತ್ತದೆ.